ಎಂಜಿನ್ ರೂಮಿನಿಂದ: ಪ್ಲೇಟಿನ ಮೇಲಿನ ಎಚ್‌ಪಿ, ನೀರಿನಲ್ಲಿ ಸಿಗುವ ಎಚ್‌ಪಿ

ಹೋದ ಸಲ ಬೋಟು, ಹಡಗುಗಳ ಡೀಸೆಲ್ ಎಂಜಿನ್ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ ವಿಷಯ: ಎಂಜಿನ್ ಎಷ್ಟು ಪವರ್, ಅಂದರೆ ಎಷ್ಟು ಎಚ್‌ಪಿ (ಅಶ್ವಶಕ್ತಿ), ಕೊಡುತ್ತಿದೆ ಅಂತ ಲೆಕ್ಕ ಹಾಕುವುದು ಹೇಗೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೈಸ್ಕೂಲಿನ ಗಣಿತ ಸಾಕು. ಮೊಬೈಲಿನ ಕ್ಯಾಲ್ಕುಲೇಟರ್ ಪಕ್ಕದಲ್ಲಿ ಇಟ್ಟುಕೊಂಡು ಓದಿ.

ಪ್ರಶ್ನೆ: ಬೋಟಿಗೆ ಹೊಸ ಎಂಜಿನ್ ಹಾಕಿಸಿದ್ದೇನೆ. ಎಂಜಿನ್ ಮೇಲಿನ ಪ್ಲೇಟಿನಲ್ಲಿ 400 ಎಚ್‌ಪಿ, 2100 ಆರ್‌ಪಿಎಂ (ನಿಮಿಷಕ್ಕೆ 2100 ಸುತ್ತು) ಅಂತ ಇದೆ. ಬೋಟು ನಡೆಸುವ ನಮ್ಮ ತಾಂಡೇಲರು 1800ರಲ್ಲಿ ಓಡಿಸುತ್ತಾರೆ. ಪಕ್ಕದ ಬೋಟಿನದ್ದು ಹಳೆಯ 280 ಎಚ್‌ಪಿ ಎಂಜಿನ್. ಆದರೂ ಅದು ನಮ್ಮಿಂದ ಹಿಂದೆ ಬೀಳುವುದಿಲ್ಲ. ನನಗೆ ಮೋಸ ಆಯಿತಾ ಸರ್? ಎಂಜಿನ್ ನಿಜವಾಗಿ ಎಷ್ಟು ಕೊಡುತ್ತಿದೆ ಅಂತ ಬೋಟಿನಲ್ಲೇ ನೋಡಲು ಆಗುತ್ತದಾ?
— ಬೋಟು ಮಾಲಕರು, ಮಲ್ಪೆ

ಉತ್ತರ: ಮೋಸ ಆಗಿದೆ ಅಂತ ಈಗಲೇ ಹೇಳಲಾಗದು. ಮೊದಲು ಎರಡು ಲೆಕ್ಕ ಮಾಡೋಣ.

ಮೊದಲನೆಯದು ಆರ್‌ಪಿಎಂ ಲೆಕ್ಕ. ಪ್ರೊಪೆಲ್ಲರ್ ಎಳೆದುಕೊಳ್ಳುವ ಪವರ್ ಆರ್‌ಪಿಎಂನ ಘನದ ಪ್ರಕಾರ ಏರುತ್ತದೆ, ಇಳಿಯುತ್ತದೆ. ನಿಮ್ಮದು 2100ಕ್ಕೆ 400 ಎಚ್‌ಪಿ. 1800ನ್ನು 2100ರಿಂದ ಭಾಗಿಸಿ, 0.857. ಅದನ್ನು ಅದರಿಂದಲೇ ಇನ್ನೂ ಎರಡು ಸಲ ಗುಣಿಸಿ, 0.63. ಅಂದರೆ 1800ರಲ್ಲಿ ನಿಮ್ಮ ಪ್ರೊಪೆಲ್ಲರ್ ತೆಗೆದುಕೊಳ್ಳುವುದು 400ರಲ್ಲಿ ಶೇಕಡಾ 63 ಮಾತ್ರ. ಸುಮಾರು 252 ಎಚ್‌ಪಿ. ಪಕ್ಕದ ಬೋಟಿನವರು ತಮ್ಮ ಎಂಜಿನನ್ನು ಪೂರ್ತಿ ಆರ್‌ಪಿಎಂನಲ್ಲಿ ಓಡಿಸುತ್ತಿದ್ದರೆ ಅವರೂ ಅಲ್ಲೇ ಹತ್ತಿರದಲ್ಲಿದ್ದಾರೆ. ಹಿಂದೆ ಬೀಳುವುದು ಹೇಗೆ?

ಎರಡನೆಯದು ಡೀಸೆಲ್ ಲೆಕ್ಕ. ನನಗೆ ಇದರ ಮೇಲೆ ಜಾಸ್ತಿ ನಂಬಿಕೆ. ಯಾಕೆಂದರೆ ಆರ್‌ಪಿಎಂ ಲೆಕ್ಕ ಪ್ಲೇಟನ್ನು ನಂಬಿಕೊಂಡು ಹೊರಡುತ್ತದೆ, ಡೀಸೆಲ್ ಲೆಕ್ಕಕ್ಕೆ ಪ್ಲೇಟು ಬೇಡವೇ ಬೇಡ. ಒಂದು ಲೀಟರ್ ಡೀಸೆಲ್ ತೂಕ ಸುಮಾರು 840 ಗ್ರಾಂ. ಚೆನ್ನಾಗಿರುವ ಬೋಟಿನ ಎಂಜಿನ್ ಒಂದು ಎಚ್‌ಪಿಯನ್ನು ಒಂದು ಗಂಟೆ ಕೊಡಲು 165 ಗ್ರಾಂ ಆಸುಪಾಸು ಡೀಸೆಲ್ ಸುಡುತ್ತದೆ. 840ನ್ನು 165ರಿಂದ ಭಾಗಿಸಿದರೆ ಐದು ಚಿಲ್ಲರೆ. ಹಾಗಾಗಿ ಒಂದು ಸುಲಭ ಸೂತ್ರ: ಗಂಟೆಗೆ ಎಷ್ಟು ಲೀಟರ್ ಹೋಯಿತೋ ಅದರ ಐದು ಪಟ್ಟು ಎಚ್‌ಪಿ.

ಅಳೆಯುವಾಗ ಮಾತ್ರ ಜಾಗ್ರತೆ. ಟ್ಯಾಂಕಿಗೆ ಕೋಲು ಇಳಿಸಿ ನೋಡಿದರೆ ಪ್ರಯೋಜನ ಇಲ್ಲ. ಬೋಟು ತೂಗುತ್ತಿರುತ್ತದೆ, ಒಂದು ಇಂಚಿನ ವ್ಯತ್ಯಾಸದಲ್ಲಿ ಎಷ್ಟೋ ಲೀಟರ್ ಏರುಪೇರು. ಲೀಟರ್ ಗುರುತು ಹಾಕಿದ 20 ಲೀಟರಿನ ಕ್ಯಾನು ತೆಗೆದುಕೊಳ್ಳಿ. ಫ್ಯೂಯೆಲ್ ಪಂಪಿಗೆ ಹೋಗುವ ಪೈಪನ್ನು ಅದರೊಳಗೆ ಬಿಡಿ. ಇಂಜೆಕ್ಟರ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಭಾಗ) ಮತ್ತು ಪಂಪಿನಿಂದ ವಾಪಸ್ ಬರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ದಕ್ಕೆಯಲ್ಲಿ ಈ ಪರೀಕ್ಷೆ ಮಾಡುವ ಮೆಕ್ಯಾನಿಕ್‌ಗಳಲ್ಲಿ ಹಲವರು ಮರೆಯುವುದು ಇದನ್ನೇ. ರಿಟರ್ನ್ ಟ್ಯಾಂಕಿಗೇ ಹೋಗುತ್ತಿದ್ದರೆ ಸುಡದ ಡೀಸೆಲ್ಲೂ ಸುಟ್ಟ ಲೆಕ್ಕಕ್ಕೆ ಸೇರುತ್ತದೆ, ಎಚ್‌ಪಿ ಸುಮ್ನೆ ಏರಿ ಕಾಣುತ್ತದೆ. ಕ್ಯಾನನ್ನು ಬಿಗಿಯಾಗಿ ಕಟ್ಟಿ. ಸೈಲೆನ್ಸರ್ ಪೈಪಿನಿಂದ ದೂರ ಇಡಿ. ಒಬ್ಬರು ಅದರ ಪಕ್ಕದಲ್ಲೇ ನಿಂತಿರಲಿ, ಖಾಲಿಯಾಗುವ ಮೊದಲೇ ಪೈಪು ಬದಲಿಸಬೇಕು, ಇಲ್ಲವಾದರೆ ಗಾಳಿ ಎಳೆಯುತ್ತದೆ.

ಅಳಿವೆ ದಾಟಿ ಹೊರಗೆ ಹೋಗಿ. ಬಲೆ ನೀರಿನಲ್ಲಿ ಇರಬಾರದು. 1800ರಲ್ಲಿ ಕಾಲು ಗಂಟೆ ನೇರ ಓಡಿಸಿ ಎಂಜಿನ್ ಹದಕ್ಕೆ ಬಂದ ಮೇಲೆ ಗಡಿಯಾರ ನೋಡಿ. 10 ಲೀಟರ್ ಹೋಗಲು 12 ನಿಮಿಷ ಬೇಕಾಯಿತು ಅಂತಿಟ್ಟುಕೊಳ್ಳಿ. ಗಂಟೆಗೆ 50 ಲೀಟರ್. ಐದರಿಂದ ಗುಣಿಸಿದರೆ 250 ಎಚ್‌ಪಿ. ಆರ್‌ಪಿಎಂ ಲೆಕ್ಕದಲ್ಲಿ 252 ಬಂದಿತ್ತಲ್ಲವೇ? ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಒಂದೇ ಕಡೆ ಮುಟ್ಟಿದರೆ ಧೈರ್ಯವಾಗಿ ನಂಬಬಹುದು.

ಈಗ ನಿಮ್ಮ ಅಸಲು ಅನುಮಾನ. ಎಂಜಿನ್ ಪ್ಲೇಟಿನ 400 ಕೊಡುತ್ತದಾ? ಅದನ್ನು ನೋಡಬೇಕಾದರೆ ಒಮ್ಮೆ ಪೂರ್ತಿ ಆಕ್ಸಿಲರೇಟರ್ ಕೊಟ್ಟು 2100 ಮುಟ್ಟಿಸಲೇಬೇಕು. ಆಗ ಗಂಟೆಗೆ ಸುಮಾರು 80 ಲೀಟರ್ ಲೆಕ್ಕದಲ್ಲಿ, ಅಂದರೆ 10 ಲೀಟರ್ ಏಳೂವರೆ ನಿಮಿಷದಲ್ಲಿ, ಖಾಲಿಯಾಗಬೇಕು. 2100 ಮುಟ್ಟಿಯೂ ಡೀಸೆಲ್ ಅಷ್ಟು ಹೋಗದಿದ್ದರೆ ಪ್ರೊಪೆಲ್ಲರ್ ಚಿಕ್ಕದಾಯಿತು, ಎಂಜಿನಿಗೆ ಕೆಲಸವೇ ಸಾಲುತ್ತಿಲ್ಲ. 1900ರ ಹತ್ತಿರವೇ ನಿಂತು ಕಪ್ಪು ಹೊಗೆ ಉಗುಳಿದರೆ ಪ್ರೊಪೆಲ್ಲರ್ ಭಾರವಾಯಿತು, ಇಲ್ಲವೇ ಎಂಜಿನ್ ಹೇಳಿದಷ್ಟು ಕೊಡುತ್ತಿಲ್ಲ. ಇದು ಎರಡನೆಯದಾದರೆ ಮಾರಿದವರ ಹತ್ತಿರ ಟೆಸ್ಟ್ ಬೆಡ್ ಸರ್ಟಿಫಿಕೇಟ್ (ಕಾರ್ಖಾನೆಯಲ್ಲಿ ಎಂಜಿನ್ ಓಡಿಸಿ ಅಳೆದ ಪತ್ರ) ಕೇಳಿ. ಈ 400 ದಿನವಿಡೀ ಓಡಿಸುವ ರೇಟಿಂಗೋ, ಮಧ್ಯೆ ಮಧ್ಯೆ ಒಂದು ಗಂಟೆ ಮಾತ್ರ ಓಡಿಸುವ ರೇಟಿಂಗೋ ಎಂದೂ ಕೇಳಿ. ಒಂದೇ ಎಂಜಿನನ್ನು ಬೇರೆ ಬೇರೆ ರೇಟಿಂಗಿನಲ್ಲಿ ಮಾರುತ್ತಾರೆ. ದೊಡ್ಡ ಅಂಕಿ ಯಾವಾಗಲೂ ಸ್ವಲ್ಪ ಹೊತ್ತಿನದ್ದು. ಸಾಮಾನ್ಯವಾಗಿ ಆ ಅಂಕಿ ಬರುವುದು 25 ಡಿಗ್ರಿ ಗಾಳಿಯ ಲೆಕ್ಕದಲ್ಲಿ. ಏಪ್ರಿಲ್ ತಿಂಗಳಲ್ಲಿ ನಿಮ್ಮ ಎಂಜಿನ್ ರೂಮಿನ ಗಾಳಿ ಅಷ್ಟು ತಣ್ಣಗೆ ಇರುತ್ತದಾ?

ಇನ್ನೊಂದು ಮಾತು. ಎಂಜಿನ್ ಸವೆದಿದ್ದರೆ ಅದೇ ಎಚ್‌ಪಿಗೆ ಡೀಸೆಲ್ ಜಾಸ್ತಿ ಬೇಕು. ಇಂಜೆಕ್ಟರ್ ಕೆಟ್ಟ ಹಳೆಯ ಎಂಜಿನಿನಲ್ಲಿ 50 ಲೀಟರ್ ಸುಟ್ಟರೂ 225 ಎಚ್‌ಪಿ ಸಿಗಬಹುದು, ಅಷ್ಟೇ. ಡೀಸೆಲ್ ಲೆಕ್ಕ ಹೇಳುವುದು ಒಳಗೆ ಹೋದದ್ದನ್ನು. ಅದಕ್ಕೇ ಎಂಜಿನ್ ಹೊಸದಿರುವ ಈಗಲೇ ಈ ಪರೀಕ್ಷೆ ಮಾಡಿ, ಆರ್‌ಪಿಎಂ, ನಿಮಿಷ, ಸೈಲೆನ್ಸರಿನ ಬಿಸಿ, ಹೊಗೆಯ ಬಣ್ಣ ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ಬಂದ್ ಇರುವಾಗ ಎಂಜಿನ್ ಬಿಚ್ಚಿಸುತ್ತೀರಿ. ಬಿಚ್ಚುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟಿನಲ್ಲಿ ಕಡಲಿಗೆ ಇಳಿದಾಗ ಒಮ್ಮೆ ಇದೇ ಪರೀಕ್ಷೆ ಮಾಡಿ. ಮೆಕ್ಯಾನಿಕ್‌ಗೆ ಕೊಟ್ಟ ಹಣಕ್ಕೆ ಏನು ಸಿಕ್ಕಿತು ಅಂತ ಆ ಎರಡು ಸಾಲುಗಳೇ ಹೇಳುತ್ತವೆ.

ಪ್ರಶ್ನೆ: ನನ್ನ ಮಗ ಹಡಗಿನಲ್ಲಿ ಫೋರ್ತ್ ಎಂಜಿನಿಯರ್. ಫೋನು ಮಾಡಿದಾಗಲೆಲ್ಲ "ಇವತ್ತು ಕಾರ್ಡ್ ತೆಗೆದೆವು ಅಮ್ಮ, ಸುಸ್ತಾಗಿದೆ" ಎನ್ನುತ್ತಾನೆ. ಏನು ಕೆಲಸ ಅದು? ಅಪಾಯ ಇದೆಯಾ?
— ಓದುಗ ತಾಯಿ, ಕಾಪು

ಉತ್ತರ: ಅಮ್ಮಾ, ನಿಮ್ಮ ಮಗ ಮಾಡುತ್ತಿರುವುದು ಈ ಅಂಕಣದ ಕೆಲಸವನ್ನೇ. ಹಡಗಿನ ಎಂಜಿನ್ ಎಷ್ಟು ಪವರ್ ಕೊಡುತ್ತಿದೆ ಎಂದು ಅಳೆಯುತ್ತಿದ್ದಾನೆ. ಒಂದೊಂದು ಸಿಲಿಂಡರನ್ನೂ ಬೇರೆ ಬೇರೆಯಾಗಿ.

ಹಡಗಿನ ದೊಡ್ಡ ಎಂಜಿನ್ ಮೂರು ಮಹಡಿ ಎತ್ತರ ಇರುತ್ತದೆ. ಕೆಲಸ ನಡೆಯುವುದು ಮೇಲಿನ ಮಹಡಿಯಲ್ಲಿ, ಸಿಲಿಂಡರ್ ಹೆಡ್ಡುಗಳ ನಡುವೆ. ಅಲ್ಲಿ ನಿಂತರೆ ಬೂಟಿನ ಅಡಿಯಿಂದಲೇ ಬಿಸಿ ಹತ್ತುತ್ತದೆ. ಪ್ರತಿ ಹೆಡ್ಡಿನ ಪಕ್ಕದಲ್ಲಿ ಒಂದು ಸಣ್ಣ ಕಾಕ್, ಅಂದರೆ ನಲ್ಲಿಯಂಥ ವಾಲ್ವ್, ಇದೆ. ಮೊದಲು ಅದನ್ನು ಎಂಜಿನ್ ಒಂದೆರಡು ಸುತ್ತು ಹೊಡೆಯುವಷ್ಟು ಹೊತ್ತು ತೆರೆದು ಮುಚ್ಚಬೇಕು, ಒಳಗಿನ ಮಸಿ ಹೊರಗೆ ಹೋಗಲಿ ಅಂತ. ಆಗ ಢಂ ಎಂದು ಬೆಂಕಿಯ ನಾಲಿಗೆ ಹೊರಗೆ ಬರುತ್ತದೆ. ಆಮೇಲೆ ಇಂಡಿಕೇಟರ್ ಅನ್ನುವ ಉಪಕರಣವನ್ನು ಅಲ್ಲಿ ತಿರುಗಿಸಿ ಕೂರಿಸುತ್ತಾರೆ. ಅದರಲ್ಲಿ ಒಂದು ಪುಟ್ಟ ಪಿಸ್ಟನ್, ಒಂದು ಸ್ಪ್ರಿಂಗ್, ಒಂದು ಮುಳ್ಳು, ಕಾಗದ ಸುತ್ತಿದ ಒಂದು ಡ್ರಮ್ಮು. ಡ್ರಮ್ಮಿಗೆ ಕಟ್ಟಿದ ದಾರವನ್ನು ಎಂಜಿನಿನ ಚಲನೆಗೆ ಸಿಕ್ಕಿಸಿದರೆ ದೊಡ್ಡ ಪಿಸ್ಟನ್ ಏರಿದಂತೆ, ಇಳಿದಂತೆ ಡ್ರಮ್ಮು ಹಿಂದೆ ಮುಂದೆ ತಿರುಗುತ್ತದೆ. ಸಿಲಿಂಡರಿನ ಒಳಗಿನ ಒತ್ತಡಕ್ಕೆ ಮುಳ್ಳು ಮೇಲೆ ಕೆಳಗೆ ಆಡುತ್ತದೆ. ಕಾಗದದ ಮೇಲೆ ಒಂದು ಮುಚ್ಚಿದ ಗೆರೆ ಮೂಡುತ್ತದೆ. ಒಂದು ತುದಿ ಚೂಪಾಗಿ ಎತ್ತರ, ಇನ್ನೊಂದು ತುದಿಗೆ ಬರುವಾಗ ತೆಳು. ಅದೇ ಕಾರ್ಡ್. ಜೇಮ್ಸ್ ವಾಟ್‌ನ ಸಹಾಯಕ ಜಾನ್ ಸದರ್ನ್ 1796ರ ಹೊತ್ತಿಗೆ ಸ್ಟೀಮ್ ಎಂಜಿನಿಗಾಗಿ ಕಂಡುಹಿಡಿದ ಉಪಾಯ ಇದು.

ಆ ಗೆರೆಯ ಒಳಗಿನ ಜಾಗದಲ್ಲೇ ಪವರ್ ಅಡಗಿದೆ. ಅದನ್ನು ಅಳೆಯಲು ಪ್ಲಾನಿಮೀಟರ್ ಅಂತ ಒಂದು ಸಾಧನ. ನನ್ನದು ಇವತ್ತೂ ಮೇಜಿನ ಮೇಲೆ ಇದೆ. ಎರಡು ಹಿತ್ತಾಳೆಯ ತೋಳು, ಒಂದು ಸೂಜಿ, ಒಂದು ಪುಟ್ಟ ಚಕ್ರ. ಒಂದು ತೋಳಿನ ತುದಿ ಊರಿ, ಇನ್ನೊಂದರ ತುದಿಯನ್ನು ಗೆರೆಯ ಮೇಲೆ ಉಸಿರು ಬಿಗಿಹಿಡಿದು ಒಂದು ಸುತ್ತು ತಂದರೆ ಚಕ್ರ ವಿಸ್ತೀರ್ಣ ತೋರಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ವಿಸ್ತೀರ್ಣ 399 ಚದರ ಮಿಲಿಮೀಟರ್, ಕಾರ್ಡಿನ ಉದ್ದ 70 ಮಿಲಿಮೀಟರ್. ಭಾಗಿಸಿದರೆ ಸರಾಸರಿ ಎತ್ತರ 5.7 ಮಿಲಿಮೀಟರ್. ಸ್ಪ್ರಿಂಗು ಒಂದು ಬಾರ್ ಒತ್ತಡಕ್ಕೆ 0.3 ಮಿಲಿಮೀಟರ್ ಏರುವಂಥದ್ದಾದರೆ ಸರಾಸರಿ ಒತ್ತಡ 19 ಬಾರ್. ಉಜ್ಜಾಟಕ್ಕೆ ಒಂದು ಬಾರ್ ಕಳೆಯುತ್ತಾರೆ. ಉಳಿದದ್ದು 18.

ಈಗ 50 ಸೆಂಟಿಮೀಟರ್ ಬೋರ್ (ಸಿಲಿಂಡರಿನ ಒಳಗಿನ ಅಗಲ), 191 ಸೆಂಟಿಮೀಟರ್ ಸ್ಟ್ರೋಕ್ (ಪಿಸ್ಟನ್ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ದೂರ) ಇರುವ ಎಸ್50ಎಂಸಿ ಅನ್ನುವ ಹಡಗಿನ ಎಂಜಿನ್ ತೆಗೆದುಕೊಳ್ಳಿ. ಅದರ ಒಂದು ಪಿಸ್ಟನ್ ಒಂದು ಸ್ಟ್ರೋಕಿನಲ್ಲಿ ಹಾಯುವ ಜಾಗ 0.375 ಘನ ಮೀಟರ್. ನಿಮಿಷಕ್ಕೆ 127 ಸುತ್ತು, ಅಂದರೆ ಸೆಕೆಂಡಿಗೆ 2.117. ಒತ್ತಡ, ಜಾಗ, ಸುತ್ತು ಮೂರನ್ನೂ ಗುಣಿಸಿ. ಒಂದು ಬಾರ್ ಅಂದರೆ ಘನ ಮೀಟರಿಗೆ 100 ಕಿಲೋಜೂಲ್ ಎಂದು ಹಿಡಿದರೆ 18ಕ್ಕೆ 1800. 1800 ಗುಣಿಸು 0.375 ಗುಣಿಸು 2.117, ಸುಮಾರು 1430 ಕಿಲೋವಾಟ್. ಇಂಥ ಆರು ಸಿಲಿಂಡರ್ ಇದ್ದರೆ 8580 ಕಿಲೋವಾಟ್. ಎಂಜಿನ್ ತಯಾರಿಸಿದವರು ಪುಸ್ತಕದಲ್ಲಿ ಕೊಡುವ ಅಂಕಿಯೂ ಅದೇ.

ಈಗ ಎಷ್ಟೋ ಹಡಗುಗಳಲ್ಲಿ ಕಾಗದದ ಜಾಗಕ್ಕೆ ಸೆನ್ಸರ್ ಮತ್ತು ಕಂಪ್ಯೂಟರ್ ಬಂದಿವೆ. ಕಾಕ್ ತೆರೆಯುವುದು, ಬಿಸಿಯಲ್ಲಿ ನಿಲ್ಲುವುದು ತಪ್ಪಿಲ್ಲ. ಪಿಸ್ಟನ್ ತುತ್ತತುದಿಗೆ ಬರುವ ಕ್ಷಣವನ್ನು ಕಂಪ್ಯೂಟರ್ ಒಂದೇ ಒಂದು ಡಿಗ್ರಿ ತಪ್ಪಾಗಿ ಹಿಡಿದರೂ ಪವರ್ ಶೇಕಡಾ ಹತ್ತರ ತನಕ ಏರುಪೇರಾಗಬಹುದು. ಹಾಗಾಗಿ ಒಳ್ಳೆಯ ಎಂಜಿನಿಯರ್ ಪರದೆ ನೋಡಿ ಸುಮ್ಮನಾಗುವುದಿಲ್ಲ, ಡೀಸೆಲ್ ಲೆಕ್ಕದ ಜೊತೆ ತಾಳೆ ನೋಡುತ್ತಾನೆ.

ಅಪಾಯದ ಬಗ್ಗೆ ಕೇಳಿದಿರಿ. ಕೈಗವಸು, ಕನ್ನಡಕ, ಕಿವಿಗೆ ಮಫ್ ಹಾಕಿಕೊಂಡು, ಕಾಕಿನ ಬಾಯಿಗೆ ಎದುರಾಗಿ ನಿಲ್ಲದೆ ಮಾಡಿದರೆ ಭಯ ಇಲ್ಲ. ನೀವು ಮುಂದಿನ ಸಲ ಫೋನಿನಲ್ಲಿ, "ಯಾವ ಯೂನಿಟ್ಟಿನ ಪವರ್ ಕಮ್ಮಿ ಬಂತು ಮಗಾ?" ಅಂತ ಕೇಳಿ. ಒಂದು ಸಿಲಿಂಡರ್ ಮಿಕ್ಕವುಗಳಿಗಿಂತ ಕಮ್ಮಿ ತೋರಿಸಿದರೆ ಇಂಜೆಕ್ಟರೋ ಫ್ಯೂಯೆಲ್ ಪಂಪೋ ಎಕ್ಸಾಸ್ಟ್ ವಾಲ್ವೋ ಅಂತ ಹುಡುಕುವುದು ಅವನ ಮುಂದಿನ ಕೆಲಸ. ಮನೆಯಲ್ಲಿ ಒಬ್ಬರಿಗೆ ಇದು ಅರ್ಥವಾಗುತ್ತದೆ ಅಂತ ತಿಳಿದರೆ ಅವನಿಗೆ ಎಷ್ಟು ಖುಷಿಯಾದೀತು!

ಪ್ರಶ್ನೆ: ಫೋರ್ ಸ್ಟ್ರೋಕ್ ಎಂಜಿನಿನ ಲೆಕ್ಕದಲ್ಲಿ ಆರ್‌ಪಿಎಂ ಅನ್ನು ಎರಡರಿಂದ ಭಾಗಿಸುತ್ತೇವೆ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ಆದರೆ ನಿಜವಾದ ಎಂಜಿನಿನ ಒಂದು ಲೆಕ್ಕ ಮಾಡಿ ತೋರಿಸುತ್ತೀರಾ?
— ಡಿಪ್ಲೊಮಾ ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಬಾಯಿಪಾಠ ಬಿಡಿ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದೇ ಸಲ ಬೆಂಕಿ ಹತ್ತುವುದು. ಟೂ ಸ್ಟ್ರೋಕಿನಲ್ಲಿ (ಮೇಲಿನ ಹಡಗಿನ ಎಂಜಿನ್ ಅಂಥದ್ದು) ಪ್ರತಿ ಸುತ್ತಿಗೂ ಒಂದು ಸಲ. ಎಣಿಸಬೇಕಾದದ್ದು ಸುತ್ತನ್ನಲ್ಲ, ಬೆಂಕಿ ಹತ್ತುವುದನ್ನು. ಇಷ್ಟು ನೆನಪಿದ್ದರೆ ಎಲ್ಲಿ ಭಾಗಿಸಬೇಕು, ಎಲ್ಲಿ ಬಾರದು ಅಂತ ಯಾವತ್ತೂ ಗೊಂದಲ ಆಗದು.

ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಎಂಜಿನ್ ಇಲ್ಲ: ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಟ್ಟಿ, 1897ರ ಫೆಬ್ರವರಿಯಲ್ಲಿ ಪರೀಕ್ಷೆಗೆ ಒಡ್ಡಿದ ಎಂಜಿನ್. ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್. ಬೋರ್ 250 ಮಿಲಿಮೀಟರ್, ಸ್ಟ್ರೋಕ್ 400 ಮಿಲಿಮೀಟರ್. 154 ಆರ್‌ಪಿಎಂನಲ್ಲಿ ಅದು ಕೊಟ್ಟದ್ದು 13.1 ಕಿಲೋವಾಟ್.

ಇಲ್ಲಿ ಪವರ್ ಗೊತ್ತಿದೆ, ಸರಾಸರಿ ಒತ್ತಡವನ್ನು ಹುಡುಕೋಣ. ಪಿಸ್ಟನ್ ಹಾಯುವ ಜಾಗ 0.0196 ಘನ ಮೀಟರ್. ನಿಮಿಷಕ್ಕೆ 77 ಸಲ ಬೆಂಕಿ, ಸೆಕೆಂಡಿಗೆ 1.283. 13.1ನ್ನು ಈ ಎರಡರಿಂದಲೂ ಭಾಗಿಸಿದರೆ ಸುಮಾರು 520 ಕಿಲೋಪಾಸ್ಕಲ್, ಅಂದರೆ 5.2 ಬಾರ್. ಮೇಲೆ ಹೇಳಿದ ಹಡಗಿನ ಎಂಜಿನಿನದ್ದು 18. ಈ ವ್ಯತ್ಯಾಸದಲ್ಲಿ ದೊಡ್ಡ ಪಾಲು ಟರ್ಬೋಚಾರ್ಜರಿನದ್ದು. ಗಾಳಿಯನ್ನು ಒತ್ತಿ ತುಂಬಿದರೆ ಅದೇ ಸಿಲಿಂಡರಿನಲ್ಲಿ ಡೀಸೆಲ್ ಜಾಸ್ತಿ ಸುಡಬಹುದು.

ಬೇರೆ ಬೇರೆ ಎಂಜಿನನ್ನು ಹೋಲಿಸಲು ಈ ಸರಾಸರಿ ಒತ್ತಡ ಬಹಳ ಒಳ್ಳೆಯ ಅಳತೆ. ಯಾರಾದರೂ ಒಂದು ಎಂಜಿನಿಗೆ ನಂಬಲಾಗದಷ್ಟು ಎಚ್‌ಪಿ ಹೇಳಿದರೆ ಬೋರ್, ಸ್ಟ್ರೋಕ್, ಆರ್‌ಪಿಎಂ ಕೇಳಿ ಇದೇ ಲೆಕ್ಕ ಹಾಕಿ. ಟರ್ಬೋ ಇಲ್ಲದ ಬೋಟಿನ ಎಂಜಿನಿಗೆ 15 ಬಾರ್ ಬಂದರೆ ಆ ಎಚ್‌ಪಿ ಸುಳ್ಳು.

ಪ್ರಶ್ನೆ: ಒಂದು ಎಂಜಿನಿಗೆ ಪಿಎಸ್, ಇನ್ನೊಂದಕ್ಕೆ ಎಚ್‌ಪಿ, ಮತ್ತೊಂದಕ್ಕೆ ಕಿಲೋವಾಟ್. ಯಾವುದನ್ನು ನೋಡಬೇಕು?
— ಬಿಡಿಭಾಗಗಳ ಅಂಗಡಿಯವರು, ಗಂಗೊಳ್ಳಿ

ಉತ್ತರ: ಕಿಲೋವಾಟ್ ನೋಡಿ. ಒಂದು ಕಿಲೋವಾಟ್ ಅಂದರೆ 1.34 ಎಚ್‌ಪಿ, ಇಲ್ಲವೇ 1.36 ಪಿಎಸ್. ಪಿಎಸ್ ಅಂದರೆ 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಶಕ್ತಿ, 735.5 ವಾಟ್. ಇಂಗ್ಲಿಷ್ ಎಚ್‌ಪಿ 746 ವಾಟ್. ವ್ಯತ್ಯಾಸ ಸಣ್ಣದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅಂಕಿ ಯಾವ ಆರ್‌ಪಿಎಂಗೆ ಅನ್ನುವುದನ್ನು ಮಾತ್ರ ಗಿರಾಕಿಗೆ ಹೇಳದೆ ಇರಬೇಡಿ.

ಪ್ರಶ್ನೆ: ಮಾಲಕರು 1600ಕ್ಕಿಂತ ಮೇಲೆ ಹೋಗಬೇಡಿ ಅನ್ನುತ್ತಾರೆ. ಮೀನು ಹಿಡಿದು ವಾಪಸ್ ಬರುವಾಗ ಬೇಗ ದಕ್ಕೆ ಮುಟ್ಟಿದವನಿಗೆ ರೇಟು ಸಿಗುವುದು. 1800ರ ಬದಲು 1600 ಅಂದರೆ ಬರೀ 200 ಆರ್‌ಪಿಎಂ, ಅದರಲ್ಲಿ ಡೀಸೆಲ್ ಎಷ್ಟು ಮಹಾ ಉಳಿಯುತ್ತದೆ?
— ತಾಂಡೇಲರು, ಮಂಗಳೂರು ಬಂದರು

ಉತ್ತರ: ನೀವು ಊಹಿಸಿದ್ದಕ್ಕಿಂತ ಜಾಸ್ತಿ. 1600ನ್ನು 1800ರಿಂದ ಭಾಗಿಸಿ ಘನ ಮಾಡಿದರೆ 0.70. ಗಂಟೆಗೆ 50 ಲೀಟರ್ ಹೋಗುತ್ತಿದ್ದಲ್ಲಿ ಸುಮಾರು 35 ಲೀಟರ್. ವೇಗ ಇಳಿಯುವುದು ಒಂಬತ್ತರಲ್ಲಿ ಒಂದು ಪಾಲು. ದಾರಿ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅದನ್ನೂ ಸೇರಿಸಿದರೆ ಅದೇ ದೂರಕ್ಕೆ ಶೇಕಡಾ 21ರಷ್ಟು ಡೀಸೆಲ್ ಉಳಿತಾಯ. 1800ರಲ್ಲಿ ಎಂಟು ಗಂಟೆಯ ದಾರಿಗೆ 400 ಲೀಟರ್ ಬೇಕು. 1600ರಲ್ಲಿ ಒಂಬತ್ತು ಗಂಟೆ, ಸುಮಾರು 316 ಲೀಟರ್.

ಆ ಒಂದು ಗಂಟೆಗೆ ಬೆಲೆ ಇದೆ ಅನ್ನುವುದು ನನಗೆ ಗೊತ್ತು. ಬೆಳಿಗ್ಗೆ ಹರಾಜು ಮುಗಿಯುವ ಹೊತ್ತಿಗೆ ಮುಟ್ಟಿದರೆ ಪ್ರಯೋಜನ ಇಲ್ಲ. ಆದರೆ 84 ಲೀಟರ್ ಡೀಸೆಲಿನ ದುಡ್ಡಿಗಿಂತ ಜಾಸ್ತಿ ರೇಟು ಸಿಗುವ ದಿನ ಮಾತ್ರ 1800ರಲ್ಲಿ ಬನ್ನಿ. ಹೋಗುವಾಗಂತೂ 1600 ಸಾಕು. ಈ ಅಂಕಿಗಳನ್ನು ಮಾಲಕರ ಮುಂದೆ ಇಟ್ಟು ಮಾತಾಡಿ, ಇಬ್ಬರಿಗೂ ಒಪ್ಪಿಗೆಯಾಗುವ ದಾರಿ ಸಿಗುತ್ತದೆ.

ಒಂದು ಎಚ್ಚರಿಕೆ. ಈ ಘನದ ಲೆಕ್ಕ ಬಲೆ ಎಳೆಯುವಾಗ ನಡೆಯುವುದಿಲ್ಲ. ಟ್ರಾಲ್ ಬಲೆ ಹಿಂದೆ ಇದ್ದಾಗ ಅದೇ ಆರ್‌ಪಿಎಂಗೆ ಎಂಜಿನಿನ ಮೇಲೆ ಭಾರ ತುಂಬಾ ಜಾಸ್ತಿ. ಆರ್‌ಪಿಎಂ ಕಮ್ಮಿ ಇದೆ, ಎಂಜಿನ್ ಆರಾಮಾಗಿದೆ ಅಂದುಕೊಳ್ಳಬೇಡಿ. ಆಗ ನೋಡಬೇಕಾದ್ದು ಎಕ್ಸಾಸ್ಟ್ ಟೆಂಪರೇಚರ್ ಮೀಟರನ್ನು. ಅದು ಇಲ್ಲದಿದ್ದರೆ ಹಾಕಿಸಿಕೊಡಿ ಅಂತ ಮಾಲಕರಿಗೆ ಹೇಳಿ. ಪಿಸ್ಟನ್ ಕರಗಿದ ಮೇಲೆ ಆಗುವ ಖರ್ಚಿನ ಮುಂದೆ ಅದರ ಬೆಲೆ ಏನೂ ಅಲ್ಲ.

ಪ್ರಶ್ನೆ: ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡಿನಲ್ಲಿ ಕಟ್ಟಿದ ಟಗ್ಗಿಗೆ (ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಹಡಗು) 62 ಟನ್ ಬೊಲಾರ್ಡ್ ಪುಲ್ ಅಂತ ಪೇಪರಿನಲ್ಲಿ ಓದಿದೆ. ಇದನ್ನು ಎಚ್‌ಪಿಗೆ ಬದಲಿಸುವುದು ಹೇಗೆ?
— ಶಿಕ್ಷಕರು, ಉಡುಪಿ

ಉತ್ತರ: ನೇರವಾಗಿ ಬದಲಿಸಲು ಬರುವುದಿಲ್ಲ. ಟನ್ ಅಂದರೆ ಎಳೆಯುವ ಬಲ, ಎಚ್‌ಪಿ ಅಂದರೆ ಆ ಬಲ ಎಷ್ಟು ಬೇಗ ಕೆಲಸ ಮಾಡುತ್ತದೆ ಅನ್ನುವುದು. ಬೊಲಾರ್ಡ್ ಪುಲ್ ಪರೀಕ್ಷೆಯಲ್ಲಿ ಟಗ್ಗನ್ನು ದಡದ ಕಂಬಕ್ಕೆ ಹಗ್ಗದಿಂದ ಕಟ್ಟಿ ಪೂರ್ತಿ ಪವರ್ ಕೊಡುತ್ತಾರೆ. ಟಗ್ ಒಂದಡಿಯೂ ಮುಂದೆ ಹೋಗುವುದಿಲ್ಲ. ಎಂಜಿನಿನ ಶಕ್ತಿಯೆಲ್ಲ ನೀರನ್ನು ಹಿಂದಕ್ಕೆ ತಳ್ಳುವುದರಲ್ಲೇ ಹೋಗುತ್ತದೆ.

ಆದರೂ ಅಂದಾಜು ಮಾಡಬಹುದು. ಪ್ರೊಪೆಲ್ಲರಿನ ಸುತ್ತ ನಾಝಲ್ ಬಳೆ ಇರುವ ಈಗಿನ ಟಗ್ಗುಗಳಲ್ಲಿ 100 ಎಚ್‌ಪಿಗೆ ಸುಮಾರು ಒಂದೂಕಾಲು ಟನ್ ಎಳೆತ ಸಿಗುತ್ತದೆ. 62ನ್ನು 1.25ರಿಂದ ಭಾಗಿಸಿ 100ರಿಂದ ಗುಣಿಸಿದರೆ 5000 ಎಚ್‌ಪಿ ಆಸುಪಾಸು. ಬಳೆ ಇಲ್ಲದ ಪ್ರೊಪೆಲ್ಲರ್ ಆದರೆ ಇದೇ ಎಳೆತಕ್ಕೆ ಇನ್ನೂ ದೊಡ್ಡ ಎಂಜಿನ್ ಬೇಕು. ಮಕ್ಕಳಿಗೆ ಬಲಕ್ಕೂ ಪವರಿಗೂ ಇರುವ ವ್ಯತ್ಯಾಸ ಹೇಳಿಕೊಡಲು ಇದು ಒಳ್ಳೆಯ ಉದಾಹರಣೆ. ಒಂದು ಗೋಡೆಯನ್ನು ಜೋರಾಗಿ ತಳ್ಳಲು ಹೇಳಿ. ಬಲ ಎಷ್ಟು ಹಾಕಿದಿರಿ, ಗೋಡೆಯ ಮೇಲೆ ಕೆಲಸ ಎಷ್ಟಾಯಿತು, ಮತ್ತೆ ನಿಮಗೆ ಸುಸ್ತಾದದ್ದು ಯಾಕೆ ಅಂತ ಕೇಳಿ. ಮೂರನೆಯ ಪ್ರಶ್ನೆಗೆ ಅವರು ಕೊಟ್ಟ ಉತ್ತರಗಳನ್ನು ನನಗೆ ಬರೆದು ಕಳಿಸಿ, ಮುಂದಿನ ಸಲ ಇಲ್ಲಿ ಹಾಕೋಣ.